ಮುಳ್ಳಣ್ಣ ಓಡಿದ್ದು

ಗಡಿಯಾರ ರಿಪೇರಿ ಮಾಡುವವನಿಗೆ 'ನಿಮ್ಮ ತಾಳ ಓಡುತ್ತದೆ' ಎನ್ನುವುದು ಅಡುಗೆಯವನಿಗೆ 'ನಿಮಗೆ ನಾಲಿಗೆಯೇ ಸತ್ತಿದೆ' ಎಂದಂತೆ. ಬೀದಿಯ ತುದಿಯಲ್ಲಿ ಮೂವತ್ತು ವರ್ಷದಿಂದ ಅಂಗಡಿ ಇಟ್ಟಿರುವ ಮುಳ್ಳಣ್ಣನಿಗೆ ಹಾಗೆಂದದ್ದು ಅವನ ಹೆಂಡತಿಯ ತಮ್ಮ. ಮುಳ್ಳಣ್ಣ ಎಂಬ ಹೆಸರು ಗಡಿಯಾರದ ಮುಳ್ಳಿನಿಂದ ಬಂದದ್ದೆಂದು ಅವನ ನಂಬಿಕೆ. ಅವನ ಸಿಟ್ಟು ಕಂಡವರು ಆ ನಂಬಿಕೆಯನ್ನು ಚುಚ್ಚಲು ಹೋಗಿಲ್ಲ.

ಹರೆಯದಲ್ಲಿ ಇಬ್ಬರೂ ಒಂದೇ ತಂಡದಲ್ಲಿದ್ದರು. ಇವನದು ಗಿಟಾರ್, ಭಾವಮೈದನದು ಡ್ರಮ್. ಈಗ ತಂಡದ ಹಳೆಯ ಹಾಡೊಂದನ್ನು ಮತ್ತೆ ಮಾಡುವ ಹುಮ್ಮಸ್ಸು. ಎಲ್ಲರೂ ಬೇರೆ ಬೇರೆ ಊರಿನಲ್ಲಿ. ಹಾಗಾಗಿ ಅವರವರ ಮನೆಯಲ್ಲೇ ಕಂಪ್ಯೂಟರಿನಲ್ಲಿ ರೆಕಾರ್ಡ್ ಮಾಡಿ ಕಳಿಸಬೇಕು. ಮುಳ್ಳಣ್ಣ ಕಳಿಸಿದ್ದು ಎರಡು ಸಲ ವಾಪಸು ಬಂತು.

"ಭಾವ, ಮೂರನೇ ನುಡಿ ಹೊತ್ತಿಗೆ ನೀವು ನಮ್ಮನ್ನೆಲ್ಲ ಬಿಟ್ಟು ಮುಂದೆ ಹೋಗಿರ್ತೀರ. ಸಾಫ್ಟ್‌ವೇರಲ್ಲಿ ಕ್ಲಿಕ್ ಕ್ಲಿಕ್ ಅಂತ ತಾಳ ಹಾಕೋದು ಇದೆಯಲ್ಲ, ಅದನ್ನ ಕೇಳ್ಕೊಂಡು ನುಡಿಸಿ. ಭಾನುವಾರ ಮಧ್ಯಾಹ್ನದೊಳಗೆ ಬರಲಿಲ್ಲ ಅಂದ್ರೆ ನಿಮ್ಮ ಭಾಗ ಮೇಷ್ಟ್ರ ಹತ್ರ ನುಡಿಸ್ತೀನಿ."

ಆ ಮೇಷ್ಟ್ರು ಗಿಟಾರ್ ಹಿಡಿಯಲು ಕಲಿತದ್ದೇ ಮುಳ್ಳಣ್ಣನಿಂದ.

"ಈ ಬೀದಿಗೆಲ್ಲ ಟೈಮ್ ಹೇಳೋನು ನಾನು!" ಮುಳ್ಳಣ್ಣ ಹೆಂಡತಿಯ ಮೇಲೆ ಹರಿಹಾಯ್ದ. "ನಿನ್ನ ತಮ್ಮ ಮೀನಿಗೆ ಈಜು ಕಲಿಸೋಕೆ ಬಂದಿದಾನೆ!"

ಭಾನುವಾರ ಬೆಳಿಗ್ಗೆ ಅಂಗಡಿಯ ಲೋಲಕದ ಗಡಿಯಾರ ಮಲಗುವ ಕೋಣೆಯ ಗೋಡೆಗೆ ಬಂತು. ಸೆಕೆಂಡಿಗೊಂದು ಟಿಕ್, ಹಾಡಿನ ನಡೆಯೂ ಅದೇ. ಸಾಫ್ಟ್‌ವೇರಿನ ಕ್ಲಿಕ್ಕಿನ ಬಾಯಿ ಮುಚ್ಚಿಸಲಾಯಿತು. ಫ್ಯಾನು ನಿಂತಿತು. ಹೆಂಡತಿಯ ಹೊಲಿಗೆ ಯಂತ್ರವೂ ನಿಲ್ಲಬೇಕಾಯಿತು.

"ರೀ, ನಾಳೆ ಕೊಡೋ ಬಟ್ಟೆ ಇದೆ."

"ನಿನ್ನ ತಮ್ಮನಿಗೆ ಕೊಡು. ಎಲ್ಲಾ ಬಲ್ಲ, ಹೊಲೀತಾನೆ!"

ನುಡಿಸಿ ಮುಗಿಸಿ ಪರದೆ ನೋಡಿದ. ಸಾಫ್ಟ್‌ವೇರ್ ಎಳೆದ ತಾಳದ ಗೆರೆಗಳ ಮೇಲೆ ಗಿಟಾರಿನ ಅಲೆ ಮೊದಮೊದಲು ಸರಿಯಾಗಿ ಕೂತಿತ್ತು. ಕೊನೆಕೊನೆಗೆ ಗೆರೆ ಬರುವ ಮೊದಲೇ ಅಲೆ ಹಾಜರು. ಇನ್ನೊಮ್ಮೆ ನುಡಿಸಿದ. ಮತ್ತೊಮ್ಮೆ. ಅದೇ ಕತೆ.

"ಸಾಫ್ಟ್‌ವೇರೇ ತೆವಳ್ತಿದೆ!" ಮೇಜು ಗುದ್ದಿದ. "ಎಣ್ಣೆ ಬಿಡದೆ ಮಾರಿದಾರೆ, ಬೇವರ್ಸಿಗಳು!"

ಹೆಂಡತಿ ಬಂದು ಪರದೆಗೆ ಬಗ್ಗಿದಳು. ಹೊಲಿಗೆಯ ಕಣ್ಣು.

"ಈ ಪುಟ್ಟ ಪುಟ್ಟ ಗೀಟು ಏನ್ರೀ?"

"ಗಡಿಯಾರದ ಟಿಕ್. ಮೈಕ್ ಹಿಡ್ಕೊಂಡಿದೆ."

"ಗಿಟಾರು ಕೊನೇವರೆಗೂ ಅದರ ಮೇಲೇ ಕೂತಿದೆಯಲ್ಲ, ಒಂದು ಹೊಲಿಗೇನೂ ತಪ್ಪಿಲ್ಲ."

"ಮತ್ತೆ? ನಾನು ಇಷ್ಟೊತ್ತು ಬಡ್ಕೊಂಡಿದ್ದೇನು?"

"ಹಾಗಾದ್ರೆ ಓಡ್ತಿರೋದು ಗಡಿಯಾರ. ಅದರ ಹಿಂದೆ ನೀವು."

ಮುಳ್ಳಣ್ಣ ಗಡಿಯಾರದತ್ತ ತಿರುಗಿದ. ಆ ಗಡಿಯಾರ ದಿನಕ್ಕೆ ಎರಡು ನಿಮಿಷ ಮುಂದೆ ಹೋಗುವುದು ಅವನೊಬ್ಬನಿಗೇ ಗೊತ್ತು. ಪ್ರತಿ ಬೆಳಿಗ್ಗೆ ಅಂಗಡಿಯ ಬಾಗಿಲು ಪೂರ್ತಿ ತೆರೆಯುವ ಮೊದಲೇ ಅದರ ಮುಳ್ಳನ್ನು ಸರಿಯಾದ ಜಾಗಕ್ಕೆ ತಂದುಬಿಡುತ್ತಿದ್ದ. ಅಂಗಡಿಗೆ ಎರಡು ನಿಮಿಷ ಯಾವ ಲೆಕ್ಕ? ಆದರೆ ಮೂವತ್ತು ವರ್ಷ ಅದರ ಕೆಳಗೆ ಕೂತ ಕೈಗೂ ಅದೇ ಚಾಳಿ ಹತ್ತಿತ್ತು.

"ಕಳ್ಳ ನನ್ಮಗನೆ!" ಎಂದು ಗಡಿಯಾರವನ್ನೇ ಬೈದ. ಲೋಲಕದ ಕೆಳಗಿನ ತಿರುಪನ್ನು ಅರ್ಧ ಸುತ್ತು ಇಳಿಸಿದ. ಸಾಫ್ಟ್‌ವೇರಿನ ಕ್ಲಿಕ್ಕಿಗೆ ಕಿವಿ ಕೊಟ್ಟು ಇನ್ನೊಂದು ಕೂದಲೆಳೆಯಷ್ಟು ಇಳಿಸಿದ.

"ಕ್ಲಿಕ್ ಬೇಡ ಅಂದ್ರಿ?"

"ಕ್ಲಿಕ್ ಸರಿ ಇದೆಯಾ ಅಂತ ಗಡಿಯಾರದಲ್ಲಿ ನೋಡ್ತಿದೀನಿ. ಸುಮ್ನಿರು!"

ಮತ್ತೆ ಗಡಿಯಾರ ಕೇಳಿಕೊಂಡೇ ನುಡಿಸಿ, ಹನ್ನೆರಡಕ್ಕೆ ಹತ್ತು ನಿಮಿಷ ಇರುವಾಗ ಕಳಿಸಿದ. ಸ್ವಲ್ಪ ಹೊತ್ತಿಗೆ ಫೋನ್ ಬಂತು.

"ಭಾವ, ಈಗ ಒಂಚೂರೂ ಆಚೀಚೆ ಇಲ್ಲ. ಹಿಂದೆ ಏನೋ ಟಿಕ್ ಟಿಕ್ ಅಂತಿದೆ, ತೆಗೆದುಬಿಡ್ಲಾ?"

"ತೆಗೆಯೋದಾದ್ರೆ ನನ್ನನ್ನೂ ತೆಗಿ! ಅದನ್ನ ಕೇಳ್ಕೊಂಡು ನಿನ್ನ ಡ್ರಮ್ ಇನ್ನೊಂದ್ಸಲ ಬಾರಿಸು. ಎರಡನೇ ನುಡೀಲಿ ತೂಕಡಿಸಿದೀಯ."

"ಆಯ್ತು ಭಾವ, ಇರಲಿ. ಮೇಷ್ಟ್ರಿಗೆ ಬೇಡ ಅಂತೀನಿ."

ಸೋಮವಾರ ಗಡಿಯಾರ ಅಂಗಡಿಯ ಗೋಡೆಗೆ ಮರಳಿತು. ಮಂಗಳವಾರ ಬೆಳಿಗ್ಗೆ ಮುಳ್ಳಣ್ಣನ ಕೈ ಅಭ್ಯಾಸಬಲದಿಂದ ಅದರ ಮುಳ್ಳಿಗೆ ಹೋಯಿತು. ಸಮಯ ಸರಿಯಾಗಿತ್ತು, ತಿರುಗಿಸಲು ಏನೂ ಉಳಿದಿರಲಿಲ್ಲ.

ಅದಕ್ಕೂ ಅವನಿಗೆ ಸಿಟ್ಟು ಬಂತು.