ಕೋಶಗಳ ಉಪವಾಸ

ಅಡಿಸ್ ಅಬಾಬಾದ ಪ್ರಯೋಗಾಲಯದಲ್ಲಿ ಸಂಶೋಧಕಿ ಅಸ್ಕಾಲೆ ಜೀವಕೋಶಗಳನ್ನು ಸಾಕುತ್ತಿದ್ದಳು, ಜೊತೆಗೆ ಹಟವನ್ನೂ. ಪರೀಕ್ಷೆಗೆ ಮುಂಚೆ ಅವಳ ಕೋಶಗಳು ಒಂದು ರಾತ್ರಿ ಉಪವಾಸ ಇರಲೇಬೇಕು.

ಅಂದು ಅತಿಥಿಗಳು ಬರುವವರಿದ್ದರು. ಕೋಶಗಳನ್ನು ಬೆಳೆಸುವ ಪ್ರಚೋದಕದ ಕೊನೆಯ ಸೀಸೆಗೆ ನಿರ್ದೇಶಕ ತಿಲಾಹುನ್ ಕೈ ಚಾಚಿದರು.

"ಈಗಲೇ ಹಾಕಿಬಿಡಮ್ಮ. ಬಂದವರು ನೋಡ್ಲಿ."

ಅಸ್ಕಾಲೆ ಸೀಸೆಯನ್ನು ಮುಷ್ಟಿಯೊಳಗೆ ಮುಚ್ಚಿಕೊಂಡಳು. ಹಿರಿಯರನ್ನು ಅಲ್ಲಿ ಗೌರವದಿಂದ 'ಗಾಶೆ' ಎನ್ನುವುದು ವಾಡಿಕೆ. "ಇವು ಹೊಟ್ಟೆ ತುಂಬ ಉಂಡಿವೆ, ಗಾಶೆ. ಒಳಗೆ ಕಿಣ್ವಗಳು ಆಗ್ಲೇ ಒಂದರ ಕಿವೀಲಿ ಒಂದು ಊದ್ತಾ ವಂಶವಾಹಿಗಳನ್ನ ಎಬ್ಬಿಸ್ತಿವೆ. ಆ ಗದ್ದಲದಲ್ಲಿ ನಮ್ಮ ಪ್ರಚೋದಕ ತಂದ ಸುದ್ದಿ ಯಾವುದು ಅಂತ ಹೇಗೆ ತಿಳಿಯುತ್ತೆ?"

"ಆ ಪಾಠ ನಿಂಗೆ ಹೇಳ್ಕೊಟ್ಟಿದ್ದೇ ನಾನು! ಬರೋ ಅತಿಥಿಗಳಿಗೇನು ಗೊತ್ತಾಗುತ್ತೆ?"

"ನನಗೆ ಗೊತ್ತಾಗುತ್ತಲ್ಲ."

"ಇಲ್ಲಿ ನಿರ್ದೇಶಕ ನಾನು!"

"ಅದು ಕೋಶಗಳಿಗೆ ಗೊತ್ತಿಲ್ಲ, ಗಾಶೆ."

ಅಷ್ಟರಲ್ಲಿ ಕೆಳಗಿನ ಕ್ಯಾಂಟೀನಿನಲ್ಲಿ ಕಡಲೆಹಿಟ್ಟಿನ ಶಿರೋ ಸಾರು ಕುದಿಯುವ ಪಾತ್ರೆಯ ಮುಚ್ಚಳ ಟಣ್ ಎಂದಿತು. ಈಸ್ಟರ್‌ಗೆ ಮುಂಚಿನ ಉಪವಾಸದ ದಿನಗಳವು. ಮಧ್ಯಾಹ್ನ ಮೂರರವರೆಗೆ ತಿಲಾಹುನ್ ಏನನ್ನೂ ಮುಟ್ಟುವವರಲ್ಲ. ಅವರ ತಲೆ ತಾನಾಗಿಯೇ ಬಾಗಿಲ ಕಡೆ ತಿರುಗಿತು.

"ನೋಡಿ ಗಾಶೆ, ಹಸಿದಿರೋವಾಗ ಮುಚ್ಚಳದ ಸದ್ದು ಎಷ್ಟು ಬೇಗ ಕೇಳಿಸ್ತು! ಹಬ್ಬದಲ್ಲಿ ಕುರಿ ತಿಂದು ಕೂತಾಗ ಕೇಳಿಸ್ತಿತ್ತಾ?"

"ನಿನ್ನ ಕೆಲಸ ಹೋಗುತ್ತೆ, ಹುಷಾರು."

"ಹೋಗ್ಲಿ. ಸೀಸೆ ಮಾತ್ರ ಹೋಗಲ್ಲ."

ಅತಿಥಿಗಳು ಒಳಗೆ ಬಂದರು. ತಿಲಾಹುನ್ ಮಾತು ಶುರುಮಾಡುವ ಮೊದಲೇ ಅಸ್ಕಾಲೆ ಗಟ್ಟಿಯಾಗಿ ಹೇಳಿದಳು: "ಇವತ್ತು ಕೋಶಗಳಿಗೆ ಉಪವಾಸ. ನಾಳೆ ಬನ್ನಿ."

ತಾವೂ ಉಪವಾಸದಲ್ಲಿದ್ದ ಅತಿಥಿಗಳು ಒಪ್ಪಿ ಗಂಭೀರವಾಗಿ ತಲೆಯಾಡಿಸಿದರು. ತಿಲಾಹುನ್ ತೆರೆದ ಬಾಯಿಯನ್ನು ಹಾಗೆಯೇ ಮುಚ್ಚಿದರು. ಹಸಿದು ನಿಂತ ಅಷ್ಟು ಜನರ ಎದುರು ಉಪವಾಸ ಮುರಿಸು ಎನ್ನುವ ಬಾಯಿ ಆ ಊರಲ್ಲಿ ಯಾರಿಗಿದೆ?