ವರ್ನಾ ಬೀದಿಗಿಟ್ಟ ಕುರ್ಚಿ

ವರ್ನಾ ಹುಡಾಕ್ ಮದುವೆಯಾಗಿ ಹೋದದ್ದು ರಸ್ತೆ ದಾಟುವಷ್ಟು ದೂರ. ತೌರುಮನೆ ಈ ಬದಿಗೆ, ಗಂಡ ಸ್ಟೀವನ ಮನೆ ಆ ಬದಿಗೆ. ಆದರೂ ಮದುವೆಯ ದಿನ ಅವಳಮ್ಮ, ಮಗಳು ಸಮುದ್ರ ದಾಟಿ ಹೋಗುತ್ತಿದ್ದಾಳೇನೋ ಅನ್ನುವ ಹಾಗೆ ಅತ್ತಿದ್ದಳಂತೆ. ಅಕ್ಕ ರೋಸಲಿ ಮದುವೆ ಗಿದುವೆ ಅಂತ ತಲೆ ಕೆಡಿಸಿಕೊಳ್ಳದೆ ತೌರಿನಲ್ಲೇ ಉಳಿದಳು. ಕಾಲ ಬಂದಾಗ ಅಪ್ಪ ಅಮ್ಮ ಹೋದರು, ಉಕ್ಕಿನ ಕಾರ್ಖಾನೆ ಮುಚ್ಚಿತು, ಸ್ಟೀವನೂ ಹೋದ. ಪಿಟ್ಸ್‌ಬರ್ಗಿನ ಗುಡ್ಡದ ಮೇಲಿನ ಕೆಂಬಲ್ ಬೀದಿಯಲ್ಲಿ ಬದಲಾಗದೆ ಉಳಿದದ್ದು ಒಂದೇ. ಸಂಜೆಯಾದರೆ ರೋಸಲಿ ರಸ್ತೆ ದಾಟಿ ಬಂದು ತಂಗಿಯ ಅಡಿಗೆಮನೆಯಲ್ಲಿ ಊಟಕ್ಕೆ ಕೂರುವುದು, ಕೂತು ಒಂದು ತುತ್ತು ಬಾಯಿಗಿಟ್ಟ ಮೇಲೆ ಉಪ್ಪು ಕಮ್ಮಿ ಅನ್ನುವುದು.

ವರ್ನಾ ಶಾಲೆಯ ಊಟದ ಕೋಣೆಯಲ್ಲಿ ಸೌಟು ಹಿಡಿದೇ ಆಯುಷ್ಯ ಕಳೆದವಳು. ಅವಳೆದುರು ಸಾಲು ಮುರಿದು ನುಗ್ಗಿದ ಹುಡುಗನಿಗೆ ಮುಂದೆ ಹೋದರೂ ಊಟ ಸಿಗುತ್ತಿರಲಿಲ್ಲ, ಹಿಂದೆ ಹೋದರೂ ಸಿಗುತ್ತಿರಲಿಲ್ಲ. ನಿವೃತ್ತಿಯಾಗಿ ಮನೆಯಲ್ಲಿ ಕೂತ ಮೇಲೂ ಆ ಸಿಟ್ಟು ಮೂಗಿನ ತುದಿಯಲ್ಲೇ ಇತ್ತು. ಆದರೆ ಅದನ್ನು ಖರ್ಚು ಮಾಡುವಂಥ ಸಂಗತಿ ಬೀದಿಯಲ್ಲಿ ಏನೂ ನಡೆಯುತ್ತಿರಲಿಲ್ಲ.

ಆಮೇಲೆ ಕೆಳಗಿನ ಸೇತುವೆಯನ್ನು ರಿಪೇರಿಗೆ ಅಂತ ಮುಚ್ಚಿದರು. ಎಲ್ಲರ ಕೈಯಲ್ಲಿರುವ ಫೋನಿನ ನಕ್ಷೆ ಕೆಂಬಲ್ ಬೀದಿಯನ್ನು ಪತ್ತೆ ಹಚ್ಚಿತು. ಅದೇನು ಹೆದ್ದಾರಿಯೇ? ಎರಡೂ ಬದಿಗೆ ಕಾರು ನಿಂತರೆ ನಡುವೆ ಒಂದು ಕಾರು ಮೈ ಹಿಡಿ ಮಾಡಿಕೊಂಡು ಹೋಗಬೇಕು. ಅಂಥದ್ದರಲ್ಲಿ ಸಂಜೆಯಾಯಿತೆಂದರೆ ಊರ ಆಚೆಯ ಹೊಸ ಬಡಾವಣೆಗಳಿಗೆ ಹೋಗುವವರೆಲ್ಲ, ಮನೆಗೆ ಬೆಂಕಿ ಬಿದ್ದಿದೆಯೇನೋ ಅನ್ನುವ ಹಾಗೆ ಏರು ಹತ್ತಿ ಬರತೊಡಗಿದರು. ಸೇತುವೆ ಮತ್ತೆ ತೆರೆಯಿತು. ಆದರೆ ಅಡ್ಡದಾರಿಯ ರುಚಿ ಹತ್ತಿದವರು ಬಿಡುತ್ತಾರೆಯೇ? ನಗರಸಭೆಯವರು 'ಇಲ್ಲಿನ ನಿವಾಸಿಗಳಿಗೆ ಮಾತ್ರ' ಅಂತ ಒಂದು ಫಲಕ ನೆಟ್ಟು ಹೋದರು. ಅದನ್ನು ಯಾರೂ ಕ್ಯಾರೇ ಅನ್ನಲಿಲ್ಲ.

ಅದೇ ಹೊತ್ತಿಗೆ ರೋಸಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡು, ವಾಕರ್ ಹಿಡಿದು ನಡೆಯುವ ಹಾಗಾಗಿತ್ತು. ಅವಳು ಒಂದು ಹೆಜ್ಜೆ ಇಡುವಷ್ಟರಲ್ಲಿ ನಮ್ಮ ನಿಮ್ಮಂಥವರು ರಸ್ತೆ ದಾಟಿ ಬಾಗಿಲು ತಟ್ಟಿರುತ್ತಾರೆ. ಒಂದು ಸಂಜೆ ಬೂದು ಬಣ್ಣದ ದೊಡ್ಡ ಕಾರಿನವನೊಬ್ಬ ರಸ್ತೆ ದಾಟುತ್ತಿದ್ದ ಅವಳ ಹತ್ತಿರಕ್ಕೇ ಬಂದು ಹಾರ್ನ್ ಒತ್ತಿ ಹಿಡಿದ. ಅಷ್ಟಕ್ಕೂ ಸಮಾಧಾನವಾಗದೆ ಪಕ್ಕದಿಂದ ತೂರಿಸಿಕೊಂಡು ಹೋದ, ವಾಕರಿನ ಕಾಲಿಗೆ ಕಾರಿನ ಚಕ್ರ ಸವರಿಕೊಂಡೇ ಹೋಯಿತು. ರೋಸಲಿ ಬೀಳಲಿಲ್ಲ. ಆದರೆ ಮಾರನೆಯ ದಿನದಿಂದ ಊಟಕ್ಕೆ ಬರಲೂ ಇಲ್ಲ.

ವರ್ನಾ ಅಡಿಗೆಯನ್ನು ಡಬ್ಬಿಗೆ ತುಂಬಿಸಿ ತಾನೇ ದಾಟಿಸಿ ಕೊಟ್ಟಳು. ರೋಸಲಿ ಒಬ್ಬಳೇ ಟಿವಿ ಮುಂದೆ ಕೂತು ತಿಂದಳು. ಉಪ್ಪು ಕಮ್ಮಿ ಅನ್ನುವುದನ್ನೇ ಬಿಟ್ಟಳು. ವರ್ನಾ ಹೆದರಿದ್ದು ಅದಕ್ಕೆ. ಒಂದು ದಿನ ರೋಸಲಿ ಕಿಟಕಿಯ ಕಡೆ ನೋಡುತ್ತಾ, ಗ್ರೀನ್ಸ್‌ಬರ್ಗಿನ ವೃದ್ಧಾಶ್ರಮದಲ್ಲಿ ಹೆಸರು ಬರೆಸಿದ್ದೇನೆ, ಚಳಿ ಮುಗಿದು ಈಸ್ಟರ್ ಹಬ್ಬ ಕಳೆದ ಮೇಲೆ ಹೋಗುತ್ತೇನೆ ಅಂದಳು. "ಇಲ್ಲಿದ್ದು ಏನ್ ಮಾಡ್ಲಿ ವರ್ನಾ? ಎದುರುಮನೆಗೆ ಹೋಗೋಕಾಗಲ್ಲ ನಂಗೆ. ಅಲ್ಲಾದ್ರೆ ಊಟದ ಮನೆಗೆ ನಡ್ಕೊಂಡಾದ್ರೂ ಹೋಗ್ಬಹುದು."

ಎಲ್ಲಿಗೆ ಬಂತು ನೋಡಿ. ಹುಟ್ಟಿದ ಮನೆಯಲ್ಲಿ ಎಪ್ಪತ್ತು ದಾಟುವ ತನಕ ಬಾಳಿದವಳು, ಯಾವನೋ ತಲೆಹರಟೆ ತನ್ನ ಮನೆಗೆ ಒಂದು ಗಳಿಗೆ ಮೊದಲು ಮುಟ್ಟಲಿ ಅಂತ ಗಂಟುಮೂಟೆ ಕಟ್ಟಬೇಕು!

ವರ್ನಾ ಒಳ್ಳೆಯ ಕೋಟು ಹಾಕಿಕೊಂಡು ನಗರಸಭೆಗೆ ಹೋದಳು. ರಸ್ತೆಗೆ ಉಬ್ಬು ಹಾಕಿ, ಇಲ್ಲವೇ ಒಂದು ತುದಿ ಮುಚ್ಚಿ, ಅದೂ ಆಗದಿದ್ದರೆ ಏಕಮುಖ ಮಾಡಿ ಅಂತ ಕೇಳಿದಳು. ಸಂಚಾರ ವಿಭಾಗದ ಹುಡುಗ ಬಹಳ ವಿನಯದವ, ನಗುನಗುತ್ತಲೇ ಎಲ್ಲದಕ್ಕೂ ಇಲ್ಲ ಅಂದ. ಅಪಘಾತ ನಡೆದ ಬೀದಿಗಳಿಗೆ ಮೊದಲ ಆದ್ಯತೆಯಂತೆ. "ನಿಮ್ಮಲ್ಲಿ ಇನ್ನೂ ಯಾರಿಗೂ ಏನೂ ಆಗಿಲ್ವಲ್ಲ, ಮೇಡಂ."

"ಯಾರು ಸಾಯ್ಬೇಕು ಅಂತ ಹೇಳಿಬಿಡಪ್ಪ," ಅಂದಳು ವರ್ನಾ. "ನಾವೇ ಒಬ್ಬರನ್ನ ಆರಿಸಿ ರಸ್ತೆಗೆ ಕಳಿಸ್ತೀವಿ."

ಹುಡುಗ ಅದಕ್ಕೂ ನಕ್ಕ. ವರ್ನಾ ಬಸ್ಸಿನಲ್ಲಿ ವಾಪಸು ಬರುವಾಗ ದಾರಿಯುದ್ದಕ್ಕೂ ಹಲ್ಲು ಕಡಿಯುತ್ತಲೇ ಇದ್ದಳು.

ಜನವರಿಯಲ್ಲಿ ಮಂಡಿಯುದ್ದ ಹಿಮ ಬಿತ್ತು. ನಮ್ಮ ಪಿಟ್ಸ್‌ಬರ್ಗಿನಲ್ಲಿ ಮನೆ ಮುಂದಿನ ಹಿಮ ತೋಡಿ ಕಾರಿಗೆ ಜಾಗ ಮಾಡಿಕೊಂಡವರು, ಕಾರು ತೆಗೆದುಕೊಂಡು ಹೋಗುವಾಗ ಅಲ್ಲೊಂದು ಹಳೆಯ ಕುರ್ಚಿ ಇಟ್ಟು ಹೋಗುತ್ತಾರೆ. ಕುರ್ಚಿ ಇದೆಯೆಂದರೆ ಜಾಗಕ್ಕೆ ಯಜಮಾನರಿದ್ದಾರೆ ಅಂತ ಅರ್ಥ. ಯಾವ ಕಾನೂನಿನಲ್ಲೂ ಅದು ಬರೆದಿಲ್ಲ. ಆದರೆ ಇನ್ನೊಬ್ಬರ ಕುರ್ಚಿಯನ್ನು ಸರಿಸಿದವನ ಜೊತೆ ಬೀದಿಯಲ್ಲಿ ಯಾರೂ ಮಾತಾಡುವುದಿಲ್ಲ, ಅವನ ಹೆತ್ತಮ್ಮ ಕೂಡ.

ಹುಡಾಕರ ಕುರ್ಚಿ ಹಳದಿ ಬಣ್ಣದ್ದು, ಉಕ್ಕಿನ ಕಾಲಿನದ್ದು. ಸೀಟು ಹರಿದ ಕಡೆ ಸ್ಟೀವ್ ಅಂಟಿಸಿದ ಪಟ್ಟಿ ಇನ್ನೂ ಹಾಗೇ ಇತ್ತು. ಮನೆ ಮುಂದೆ ತೋಡಿದ ಜಾಗಕ್ಕೆ ಇಡಲೆಂದು ವರ್ನಾ ಅದನ್ನು ಎತ್ತಿಕೊಂಡು ಬರುವಾಗ ಪಕ್ಕದ ಮನೆಯ ಎಟ್ಟೋರೆ ತಾನು ತೋಡಿದ ಹಿಮವನ್ನೆಲ್ಲ ಅವಳ ಮೆಟ್ಟಿಲಿಗೆ ಎಸೆಯುತ್ತಿದ್ದ. ಮುದುಕನಿಗೆ ಬೈಯದೆ ಬಿಟ್ಟರೆ ಹೇಗೆ? ಕುರ್ಚಿಯನ್ನು ರಸ್ತೆಯ ನಡುವೆಯೇ ಕುಕ್ಕಿ ಅವನ ಕಡೆ ತಿರುಗಿದಳು. ಅಷ್ಟರಲ್ಲಿ ಏರು ಹತ್ತಿ ಬಂತು ಅದೇ ಬೂದು ಕಾರು.

ಕಾರು ನಿಂತಿತು. ಹಾರ್ನ್ ಇಲ್ಲ, ಬೈಗುಳವಿಲ್ಲ. ಒಳಗಿದ್ದವನು ಇಳಿದು ಕುರ್ಚಿ ನೋಡಿದ. ಅತ್ತಿತ್ತ ಬಾಗಿಲುಗಳ ಕಡೆ ನೋಡಿದ. ಮುಟ್ಟಲು ಕೈ ಮುಂದೆ ಚಾಚಿದವನು ಹಾಗೇ ಹಿಂದೆ ತೆಗೆದುಕೊಂಡು ಜೇಬಿಗೆ ಹಾಕಿಕೊಂಡ. ಆಮೇಲೆ ಕಾರು ಹತ್ತಿ, ಇಳಿಜಾರಿನುದ್ದಕ್ಕೂ ರಿವರ್ಸಿನಲ್ಲೇ ಕೆಳಗೆ ಹೋದ. ಅವನೂ ಇದೇ ಊರಿನಲ್ಲಿ ಹುಟ್ಟಿ ಬೆಳೆದವನು, ಪಾಪ.

ಎಟ್ಟೋರೆ ಹಿಮದ ಗುದ್ದಲಿ ಊರಿಕೊಂಡು ಬಾಯಿ ತೆರೆದುಕೊಂಡೇ ನಿಂತ. ವರ್ನಾ ಬೈಯುವುದನ್ನೂ ಮರೆತಳು.

ಅವತ್ತಿನಿಂದ ಸಂಜೆಯ ಹೊತ್ತಿಗೆ ಹಳದಿ ಕುರ್ಚಿ ರಸ್ತೆಯ ನಡುವೆ ಬಂತು. ಮೇಲಿನ ತುದಿಗೆ ಎಟ್ಟೋರೆ ತನ್ನ ತೋಟದ ಕುರ್ಚಿ ತಂದಿಟ್ಟ, ಹಿಮ ಎಸೆದ ಪಾಪಕ್ಕೆ ಪರಿಹಾರ ಅಂದ. ಬೀದಿಯವರ ಕಾರು ಬಂದರೆ ತೆಗೆದು ಬಿಡುತ್ತಿದ್ದರು, ಮತ್ತೆ ಇಡುತ್ತಿದ್ದರು. ಅಡ್ಡದಾರಿಯವರು ದೂರದಿಂದಲೇ ನೋಡಿ ಬಾಲ ಮುದುರಿಕೊಂಡು ತಿರುಗಿ ಹೋಗುತ್ತಿದ್ದರು. ರೋಸಲಿ ಮತ್ತೆ ವಾಕರ್ ಹಿಡಿದು ಊಟಕ್ಕೆ ಬಂದಳು. ವರ್ನಾ ಎಲೆಕೋಸನ್ನು ಬೆಣ್ಣೆಯಲ್ಲಿ ಹುರಿದು, ಅಗಲ ಶಾವಿಗೆ ಕಲಸಿ, ಅವರಮ್ಮ ಮಾಡುತ್ತಿದ್ದ ಹಲುಷ್ಕಿ ಮಾಡಿದ್ದಳು. ರೋಸಲಿ ಒಂದು ತುತ್ತು ತಿಂದು ಉಪ್ಪು ಕಮ್ಮಿ ಅಂದಳು. ವರ್ನಾ ಒಲೆಯ ಕಡೆ ತಿರುಗಿ ಕಣ್ಣು ಒರೆಸಿಕೊಂಡಳು.

ಇಷ್ಟಾದರೂ ವೃದ್ಧಾಶ್ರಮದಲ್ಲಿ ಬರೆಸಿದ ಹೆಸರನ್ನು ರೋಸಲಿ ತೆಗೆಸಲಿಲ್ಲ. ಹಿಮ ಇರೋ ತನಕ ತಾನೇ ಈ ಕುರ್ಚಿ ಅಂತ ಅವಳ ವಾದ. ಅವಳ ಮಾತೇ ನಿಜವಾಯಿತು. ಮಾರ್ಚಿನಲ್ಲಿ ಹಿಮ ಕರಗಿತು, ಯಾರೋ ದೂರು ಕೊಟ್ಟರು, ನಗರಸಭೆಯ ಲಾರಿ ಬಂತು. ಅಪಘಾತ ಆಗುವ ತನಕ ಬರಲಾಗದವರು ಕುರ್ಚಿ ಎತ್ತಲು ಮಾತ್ರ ಮರುದಿನವೇ ಬಂದರು! ಕೆಲಸದವರಿಬ್ಬರು ಕುರ್ಚಿಯ ಹತ್ತಿರ ಹೋಗಿ ತಲೆ ಕೆರೆದುಕೊಂಡು ನಿಂತರು. ಕೊನೆಗೆ ಮೇಲ್ವಿಚಾರಕನೇ ಇಳಿದು ಎರಡನ್ನೂ ಲಾರಿಗೆ ಎಸೆದ. ರಸ್ತೆ ಎಲ್ಲರದ್ದು ಮೇಡಂ, ಅಡ್ಡ ಇಡುವ ಹಾಗಿಲ್ಲ ಅಂದ.

"ಎಲ್ಲರದ್ದು ಅಂದ್ಯಲ್ಲ," ಅಂದಳು ವರ್ನಾ, "ಆ ಎಲ್ಲರಲ್ಲಿ ನಮ್ಮ ರೋಸಲಿ ಇದ್ದಾಳೋ ಇಲ್ವೋ, ಅದನ್ನ ಹೇಳಿ ಹೋಗು."

ಅವನು ಲಾರಿ ಹತ್ತಿ ಹೋದ. ಸ್ಟೀವನ ಕುರ್ಚಿಯೂ ಹೋಯಿತು. ಸಂಜೆ ಕಾರುಗಳು ಮೊದಲಿನ ಹಾಗೇ ಬಂದವು. ವರ್ನಾ ಹಲುಷ್ಕಿ ಬಾಣಲೆಯನ್ನು ಒಲೆಯ ಮೇಲೆಯೇ ಬಿಟ್ಟು, ಡಬ್ಬಿ ಹುಡುಕುತ್ತಾ ಅಳುವುದೋ ಬೈಯುವುದೋ ತಿಳಿಯದೆ ನಿಂತಿದ್ದಾಗ ಹೊರಗೆ ಕರಕರ ಸದ್ದು ಕೇಳಿಸಿತು. ಬಾಗಿಲಿಗೆ ಬಂದಳು.

ರೋಸಲಿ ವಾಕರ್ ಬಿಟ್ಟು ಬಂದಿದ್ದಳು. ತನ್ನ ಅಡಿಗೆಮನೆಯ ಕುರ್ಚಿಯ ಬೆನ್ನು ಹಿಡಿದು, ಅದನ್ನೇ ಮುಂದೆ ಮುಂದೆ ತಳ್ಳುತ್ತಾ ರಸ್ತೆಗಿಳಿದಿದ್ದಳು. ಎರಡೂ ಕಡೆಯಿಂದ ಕಾರುಗಳು ನಿಂತವು. ಒಬ್ಬನೂ ಹಾರ್ನ್ ಒತ್ತಲಿಲ್ಲ. ವಾಕರಿಗೆ ನಿಲ್ಲದವರು, ಕೈಯೆತ್ತಿ ಬೇಡಿದರೂ ನಿಲ್ಲದವರು, ಮರದ ಕುರ್ಚಿಗೆ ನಿಂತರು. ನೋಡಿ ವರ್ನಾಳ ಮೈಯೆಲ್ಲ ಉರಿದು ಹೋಯಿತು.

ನಡುರಸ್ತೆಗೆ ಬಂದಾಗ ರೋಸಲಿಗೆ ಏದುಸಿರು ಬಂತು. ಕುರ್ಚಿ ತಿರುಗಿಸಿ ಅದರ ಮೇಲೆ ಕೂತಳು. ಕೂತದ್ದೇ ತಡ, ಹಾರ್ನ್ ಕೇಳಿಸಿತು. ಮುಂದಿದ್ದದ್ದು ಬೂದು ಕಾರು.

ವರ್ನಾ ಸೌಟು ಹಿಡಿದೇ ಮೆಟ್ಟಿಲಿಳಿದು ಕಾರಿನ ಗಾಜು ತಟ್ಟಿದಳು. ಅವನು ಗಾಜು ಇಳಿಸಿದ.

"ಖಾಲಿ ಕುರ್ಚಿ ಕಂಡಾಗ ತೆಪ್ಪಗೆ ವಾಪಸ್ ಹೋದೆ," ಅಂದಳು. "ಅದರ ಮೇಲೆ ಮನುಷ್ಯರು ಕೂತ್ರೆ ಹಾರ್ನ್ ಹೊಡೀತೀಯಾ? ನಿಮ್ಮಮ್ಮ ನಿಂಗೆ ಹೇಳಿಕೊಟ್ಟಿದ್ದು ಕುರ್ಚಿ ಮರ್ಯಾದೆ ಒಂದೇನಾ?"

ಅವನು ಹಾರ್ನಿನ ಮೇಲಿದ್ದ ಕೈ ತೆಗೆದ. ವರ್ನಾ ಒಳಗೆ ಹೋಗಿ ತಟ್ಟೆಗೆ ಬಿಸಿ ಹಲುಷ್ಕಿ ಬಡಿಸಿಕೊಂಡು ಬಂದು ಅಕ್ಕನ ಮಡಿಲಿಗಿಟ್ಟಳು. ತನಗೂ ಒಂದು ಕುರ್ಚಿ ತಂದು ಪಕ್ಕದಲ್ಲೇ ಹಾಕಿಕೊಂಡು ಕೂತಳು. ಎಟ್ಟೋರೆ ಕೂಡ ತನ್ನ ಅಡಿಗೆಮನೆಯ ಸ್ಟೂಲು ಎತ್ತಿಕೊಂಡು ಹೊರಟ. ರೋಸಲಿ ನಿಧಾನವಾಗಿ ಅಗಿದಳು.

"ಉಪ್ಪು ಕಮ್ಮಿ," ಅಂದಳು. ಇನ್ನೊಂದು ತುತ್ತು ತಿಂದು, "ನಾಳೆ ಗ್ರೀನ್ಸ್‌ಬರ್ಗಿಗೆ ಫೋನ್ ಮಾಡು ವರ್ನಾ. ನಾನು ಬರಲ್ಲ ಅನ್ನು. ನನ್ನ ಜಾಗಕ್ಕೆ ಇಲ್ಲೇ ಕುರ್ಚಿ ಇಟ್ಟಾಗಿದೆ ಅನ್ನು."

ಹಿಂದಿನ ಕಾರುಗಳಿಂದ ಮತ್ತೆ ಹಾರ್ನ್ ಬಂತು. ರೋಸಲಿ ತಟ್ಟೆ ಖಾಲಿಯಾಗುವ ತನಕ ಏಳಲಿಲ್ಲ.