ಗೋಲು ಕಾಯುವ ಕೆಲಸ

ಅರಸೀಕೆರೆಯ ಕಾಲೇಜಿನ ಹಾಕಿ ತಂಡದಲ್ಲಿ ನಾನು ಸೆಂಟರ್ ಫಾರ್ವರ್ಡ್. ಆ ಗರಸು ಮಣ್ಣಿನ ಮೈದಾನದಲ್ಲಿ ಚೆಂಡು ಯಾವ ಕಡೆ ಪುಟಿಯುತ್ತದೆಂದು ದೇವರಿಗೂ ಗೊತ್ತಿರಲಿಲ್ಲ, ನನಗೆ ಗೊತ್ತಿತ್ತು. ಹಾಸನದ ಪಂದ್ಯದಲ್ಲಿ ನಾಲ್ಕು ಗೋಲು ಹೊಡೆದ ಮೇಲೆ ನಮ್ಮೂರ ಕಡೆ ಹೋಗುವ ಗಂಡಸಿ ಬಸ್ಸಿನ ಕಂಡಕ್ಟರ್ ಕೂಡ ನನಗೆ ಸೀಟು ಹಿಡಿದಿಡುತ್ತಿದ್ದ. ಆಗಿನ ನನ್ನ ಮೆರೆದಾಟ ನೆನೆದರೆ ಈಗ ನಗು ಬರುತ್ತದೆ.

ಆಟಗಾರರ ಕೋಟಾದಲ್ಲಿ ನೌಕರಿ ಕೊಡುತ್ತಾರೆಂದು ಸರ್ಕಾರಿ ಇಲಾಖೆಯೊಂದರ ತಂಡದ ಆಯ್ಕೆಗೆ ಹೋದೆ. ಅಲ್ಲಿ ನೋಡಿದರೆ ಫಾರ್ವರ್ಡ್ ಜಾಗವೆಲ್ಲ ಭರ್ತಿ, ಬೇಕಾಗಿದ್ದುದು ಗೋಲ್‌ಕೀಪರ್ ಮಾತ್ರ. ಜೊತೆಗೆ ಬಂದಿದ್ದ ನಮ್ಮ ಪಿ.ಟಿ. ಮೇಷ್ಟ್ರು ಕಿವಿಯಲ್ಲಿ, "ಕೀಪರ್ ಅಂತ್ಲೇ ಬರ್ಸು ಕಣೋ. ಮೊದ್ಲು ಒಳಗೆ ಹೋಗು, ಜಾಗ ಆಮೇಲೆ ಬದ್ಲಾಯಿಸ್ಕಬೋದು" ಅಂದರು. ಸರ್ಕಾರಿ ಕೆಲಸವೆಂದರೆ ನಮ್ಮ ಕಡೆಯವರ ಬುದ್ಧಿಯೇ ಅಷ್ಟು, ಕಿಟಕಿಯಾದರೂ ಸರಿ, ಒಳಗೆ ಬಿದ್ದರೆ ಸಾಕು. ಯಾರದೋ ಪ್ಯಾಡು ಕಟ್ಟಿಕೊಂಡು ನಿಂತೆ. ಗೋಲು ಹೊಡೆಯುವವನ ಕಣ್ಣು ಎತ್ತ ಹೋಗುತ್ತದೆಂದು ಹೊಡೆದು ಬಲ್ಲವನಿಗೆ ತಿಳಿಯದೇ? ಒಂದನ್ನೂ ಬಿಡಲಿಲ್ಲ. ಆದೇಶದಲ್ಲಿ 'ಗೋಲ್‌ಕೀಪರ್' ಎಂದೇ ಬಂತು. ಅವ್ವ ಮಾಲೇಕಲ್ಲಿನ ಬೆಟ್ಟ ಹತ್ತಿ ಹಣ್ಣುಕಾಯಿ ಮಾಡಿಸಿದಳು.

ಮೇಷ್ಟ್ರು ಹೇಳಿದ ಆ 'ಆಮೇಲೆ' ಬರಲೇ ಇಲ್ಲ. ಏಳು ವರ್ಷ ಕೋಚನ್ನು ಕೇಳಿದೆ. "ಇಂಥ ಕೀಪರ್‌ನ ಯಾರಾದ್ರೂ ಕಳ್ಕೋತಾರೇನೋ?" ಎಂದು ನಗುತ್ತಿದ್ದರು. ಬೇಕೆಂದೇ ಒಂದೆರಡು ಗೋಲು ಬಿಟ್ಟುಬಿಡೋಣ ಎಂದುಕೊಂಡರೆ, ಚೆಂಡು ಬಂದಾಗ ಹಾಳು ಕಾಲು ತಾನೇ ಮುಂದೆ ಹೋಗುತ್ತಿತ್ತು. ಬೇರೆ ತಂಡಕ್ಕೆ ಹೋದರೆ ನೌಕರಿ ಹೋಗುತ್ತದೆ. ಹೆಲ್ಮೆಟ್ಟಿನ ಸರಳುಗಳ ಹಿಂದೆ ನಿಂತು, ಆ ತುದಿಯಲ್ಲಿ ನಮ್ಮವರು ಗೋಲು ಹೊಡೆದು ಕುಣಿಯುವುದನ್ನು ನೋಡಿ ಹೊಟ್ಟೆ ಉರಿದುಕೊಳ್ಳುತ್ತಿದ್ದೆ.

ಹೋದ ವರ್ಷ ಅವ್ವ ಮೊದಲ ಸಲ ನನ್ನ ಪಂದ್ಯ ನೋಡಲು ಬಂದಳು. ಅವಳ ಕಣ್ಣೆದುರು ಒಂದೇ ಒಂದು ಗೋಲು ಹೊಡೆಯಬೇಕೆಂದು ಜೀವ ಚಡಪಡಿಸುತ್ತಿತ್ತು. ಪಂದ್ಯ ಸಮವಾಗಿ ಶೂಟೌಟ್‌ಗೆ ಬಂತು. ಎರಡೂ ಕಡೆಯಿಂದ ಐವರು ಒಬ್ಬೊಬ್ಬರಾಗಿ ಕೀಪರ್‌ನನ್ನು ದಾಟಿ ಹೊಡೆಯಬೇಕು. "ಸಾರ್, ಒಂದು ನಾನು ಹೊಡೀತೀನಿ" ಅಂದೆ. ಕೋಚ್ ತಮಾಷೆಯೆಂದುಕೊಂಡು ಬೆನ್ನು ತಟ್ಟಿ ಗೋಲಿನ ಕಡೆಗೆ ತಳ್ಳಿದರು.

ಮೂರು ತಡೆದೆ. ಗೆದ್ದೆವು. ಎಲ್ಲರೂ ಹೊತ್ತು ಮೆರೆಸಿದರು. "ಇನ್ನು ನಿನ್ನ ಅಲ್ಲಿಂದ ಅಲ್ಲಾಡಿಸೋರು ಯಾರೂ ಇಲ್ಲ ಬಿಡು" ಎಂದು ಕೋಚ್ ತಬ್ಬಿಕೊಂಡರು.

ಅವ್ವ ಸೆರಗಿನಿಂದ ನನ್ನ ಮುಖ ಒರೆಸಿ, ಯಾರಿಗೂ ಕೇಳದಂತೆ ಮೆಲ್ಲಗೆ ಅಂದಳು: "ಎಲ್ರೂ ಅಷ್ಟು ಚೆಂದಾಗಿ ಓಡಾಡ್ತಿದ್ರು. ನಿನ್ನೊಬ್ಬನ್ನೇ ಯಾಕ್ ಮಗ ಅಲ್ಲಿ ನಿಲ್ಸವ್ರೆ? ಏನ್ ತಪ್ ಮಾಡಿದ್ದೆ?"

ಅಳು ಬಂತು. ಕೈಯಲ್ಲಿದ್ದ ಹೆಲ್ಮೆಟ್ಟನ್ನು ಮತ್ತೆ ತಲೆಗೆ ಹಾಕಿಕೊಂಡೆ.